ಕುಕ್ಕರ್ ಸದ್ದಿರುವ ಒಂದು ‘ಬೇಡ’

ಕೆಂಪು ದೀಪ ಮಿಣುಕುತ್ತಿತ್ತು. ಹಾಗಾಗಿ ನಾನು ನಿಶ್ಚಿಂತೆಯಾಗಿದ್ದೆ.

ಎದುರಿಗೆ ಕುಸುಮ. ನಡುವೆ ಡೈನಿಂಗ್ ಟೇಬಲ್. ಅದರ ಮೇಲೆ ಮಡಿಸಿದ ಟರ್ಕಿ ಟವೆಲ್, ಟವೆಲ್ ಮೇಲೆ ಅಂಗೈಯಷ್ಟಗಲದ ರೆಕಾರ್ಡರ್. ಅವಳು ಒಂದೊಂದೇ ಮಾತು ಹೇಳುತ್ತಾ ಹೋದಳು. ‘ಬನ್ನಿ, ಕೂತ್ಕೊಳ್ಳಿ.’ ‘ಊಟ ಆಯ್ತಾ?’ ‘ಮಳೆ ಬರೋ ಹಾಗಿದೆ, ಬಟ್ಟೆ ತೆಗೀರಿ.’ ಪ್ರತಿ ಮಾತಿಗೂ ನಾನು ನಮ್ಮ ಕಾನ್ವೆಂಟಿನ ಎಲೊಕ್ಯೂಷನ್ ಸಿಸ್ಟರ್ ಥರ ತಲೆಯಾಡಿಸಿದೆ. ವೆರಿ ಗುಡ್. ನೆಕ್ಸ್ಟ್. ಅವಳ ಗಂಟಲು ಬತ್ತುವವರೆಗೂ ನಡೆಯಿತು ಈ ಕಾರ್ಯಕ್ರಮ. ಕೊನೆಗೆ ಸ್ಟಾಪ್ ಒತ್ತಿ, ಹೆಡ್‌ಫೋನ್ ಕಿವಿಗೇರಿಸಿ, ಪ್ಲೇ ಒತ್ತಿದೆ.

ಏನೂ ಇಲ್ಲ.

ಮತ್ತೆ ಒತ್ತಿದೆ. ಕನ್ನಡಕ ಹಾಕಿಕೊಂಡು ಒತ್ತಿದೆ. (ಕನ್ನಡಕ ಹಾಕಿಕೊಂಡರೆ ಸರಿಯಾಗಿ ಕೇಳಿಸುತ್ತದೆ ಅನ್ನುವ ನಂಬಿಕೆ ನನ್ನ ವಯಸ್ಸಿನವರಿಗೆಲ್ಲ ಇರುತ್ತದೆ.) ಪುಟ್ಟ ಸ್ಕ್ರೀನ್ ಮೇಲೆ ‘ನೋ ಫೈಲ್’ ಎಂದು ಬರೆದಿತ್ತು. ಅಷ್ಟೇ.

ಆಮೇಲೆ ಗೊತ್ತಾಯಿತು. ಈ ಜಾತಿಯ ರೆಕಾರ್ಡರ್‌ನಲ್ಲಿ ಕೆಂಪು ಬಟನ್ ಒಂದು ಸಲ ಒತ್ತಿದರೆ ಅದು ತಯಾರಾಗುತ್ತದೆ, ಅಷ್ಟೇ. ದೀಪ ಮಿಣುಕುತ್ತದೆ. ಇನ್ನೊಂದು ಸಲ ಒತ್ತಬೇಕು. ಆಗ ದೀಪ ನೆಟ್ಟಗೆ ನಿಂತು ಉರಿಯುತ್ತದೆ, ಸ್ಕ್ರೀನ್ ಮೇಲೆ ಸೆಕೆಂಡುಗಳು ಓಡುತ್ತವೆ. ಅಷ್ಟು ಹೊತ್ತೂ ಆ ಮಿಷನ್ ‘ನಾನು ರೆಡಿ, ನೀವು?’ ಎಂದು ಕಣ್ಣು ಮಿಟುಕಿಸುತ್ತಾ ನನ್ನನ್ನು ಕೇಳುತ್ತಿತ್ತು. ನಾನು ‘ವೆರಿ ಗುಡ್, ನೆಕ್ಸ್ಟ್’ ಅನ್ನುತ್ತಿದ್ದೆ.

ಬೇರೆ ಯಾವ ಮನೆಯಲ್ಲಾದರೂ ಇದು ನಗುವ ವಿಷಯ. ಅಯ್ಯೋ ಹೋಗ್ಲಿ ಬಿಡಿ, ಇನ್ನೊಂದ್ಸಲ ಮಾಡೋಣ ಅನ್ನಬಹುದು.

ಕುಸುಮಳಿಗೆ ಇಂಥ ‘ಇನ್ನೊಂದು ಸಲ’ ಎಷ್ಟು ಉಳಿದಿದೆ ಅಂತ ಯಾರಿಗೆ ಗೊತ್ತಿತ್ತು?

ಕುಸುಮ ನನ್ನ ಕೋ-ಸಿಸ್ಟರ್. ಓರಗಿತ್ತಿ ಅನ್ನುವ ಚೆಂದದ ಪದವಿದ್ದರೂ ನನ್ನ ನಾಲಿಗೆಗೆ ಮೊದಲು ಬರುವುದು ಇದೇ. ಇಷ್ಟು ವರ್ಷ ಈ ಅಂಕಣದಲ್ಲಿ ನನ್ನ ಇಂಗ್ಲಿಷ್ ಸಹಿಸಿಕೊಂಡಿದ್ದೀರಿ, ಇನ್ನೂ ಸ್ವಲ್ಪ ಸಹಿಸಿಕೊಳ್ಳಿ. ಜಯನಗರದ ನಮ್ಮ ಮನೆಯ ಕೆಳಗೆ ನಾನು. ಮಹಡಿಯಲ್ಲಿ ಅವಳು ಮತ್ತು ಅವಳ ಗಂಡ, ಅಂದರೆ ನನ್ನ ಮೈದುನ ಶ್ರೀಧರ. ಅವಳು ನನ್ನನ್ನು ಅಕ್ಕ ಅನ್ನುತ್ತಾಳೆ. ಆ ‘ಅಕ್ಕ’ ಮೆಟ್ಟಿಲಿಳಿದು ಬರುವ ಮೊದಲೇ ನನಗೆ ಗೊತ್ತಾಗುತ್ತಿತ್ತು, ಅದರ ಹಿಂದೆ ಬರುತ್ತಿರುವುದು ಬಿಸಿ ಕೋಡುಬಳೆಯೋ, ಕರೆಂಟ್ ಹೋದ ಸುದ್ದಿಯೋ ಅಂತ.

ಕೆಲವು ತಿಂಗಳಿಂದ ಆ ಧ್ವನಿ ಒಡೆಯುತ್ತಾ ಬಂತು. ನೆಗಡಿ ಅಂದೆವು. ಧೂಳು ಅಂದೆವು. ಪಕ್ಕದ ಸೈಟಿನಲ್ಲಿ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತಿದ್ದಾರಲ್ಲ, ಅದನ್ನೇ ಬೈದೆವು. ಕೊನೆಗೆ ಡಾಕ್ಟರ್ ಹೇಳಿದರು: ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಗುರುವಾರ ಆಪರೇಷನ್, ಬುಧವಾರ ಬೆಳಿಗ್ಗೆ ಅಡ್ಮಿಟ್.

ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ಚುರುಕು ಹೆಂಗಸು. “ಆಪರೇಷನ್ ಆದ್ಮೇಲೆ ಮಾತಾಡೋಕೆ ಬೇರೆ ಬೇರೆ ದಾರಿ ಇದೆ ಮೇಡಂ, ನಾವೇ ಕಲಿಸ್ತೀವಿ. ಆದ್ರೆ ಈ ಧ್ವನಿ ಇರಲ್ಲ. ದಿನಾ ಬೇಕಾಗೋ ಮಾತುಗಳನ್ನ ಈಗ್ಲೇ ಅವರ ಧ್ವನೀಲೇ ರೆಕಾರ್ಡ್ ಮಾಡಿಟ್ಕೊಳ್ಳಿ. ಟ್ಯಾಬ್‌ಗೆ ಹಾಕೋಣ. ಬಟನ್ ಒತ್ತಿದ್ರೆ ಅವರೇ ಮಾತಾಡಿದ ಹಾಗೆ ಕೇಳಿಸುತ್ತೆ. ಗಂಟಲಿಗೆ ಮಾತ್ರ ಸ್ಟ್ರೇನ್ ಮಾಡ್ಬೇಡಿ.”

ಕಾರಿನಲ್ಲಿ ಬರುವಾಗ ಶ್ರೀಧರ ಹಿಂದೆ ತಿರುಗಿ ಹೇಳಿದ: “ಮೈಕ್ ವಿಷಯ ಅತ್ತಿಗೆಗೆ ಬಿಡೋಣ. ಅವರು ಎಕ್ಸ್‌ಪರ್ಟು.”

ನಾನು ಬೇಡ ಅನ್ನಲಿಲ್ಲ. ಹೆಮ್ಮೆಯಾಯಿತು. ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿಸುವ ಕೆಲಸಕ್ಕೆ ನಾನು ವಾರಕ್ಕೊಮ್ಮೆ ಬನಶಂಕರಿಗೆ ಹೋಗುತ್ತೇನೆ, ನಿಮಗೆ ಗೊತ್ತೇ ಇದೆ. ಆದರೆ ಅಲ್ಲಿ ನಾನು ಮೈಕಿನ ಮುಂದೆ ಕೂರುವವಳು. ಗಾಜಿನ ಆಚೆ ಬೇರೆಯವರಿರುತ್ತಾರೆ. ಬಟನ್ ಅವರದು, ಬಾಯಿ ಮಾತ್ರ ನನ್ನದು. ಇಷ್ಟು ವರ್ಷ ಕಾರಿನ ಹಿಂದಿನ ಸೀಟಲ್ಲಿ ಕೂತವಳು ತನಗೆ ಡ್ರೈವಿಂಗ್ ಬರುತ್ತದೆ ಅಂದುಕೊಂಡರೆ ಹೇಗೆ? ಹಾಗಾಯಿತು.

ಇನ್ನೊಂದು ಕಾರಣವೂ ಇತ್ತು. ನಮ್ಮೆಜಮಾನರು ಹೋಗಿ ಎಷ್ಟೋ ವರ್ಷವಾಯಿತು. ಆಲ್ಬಮ್ ತುಂಬಾ ಫೋಟೊ ಇವೆ. ಯಾರದೋ ಮದುವೆಯ ವಿಡಿಯೋದಲ್ಲಿ ಅವರು ನಗುತ್ತಾ ಏನೋ ಹೇಳುತ್ತಾರೆ, ಕ್ಯಾಮೆರಾ ಕಡೆಗೇ ತಿರುಗಿ ಹೇಳುತ್ತಾರೆ. ಏನು ಹೇಳಿದರೋ ದೇವರಿಗೇ ಗೊತ್ತು. ವಿಡಿಯೋದವನು ಮಾತೆಲ್ಲ ಅಳಿಸಿ ಮೇಲೆ ಓಲಗದ ಸದ್ದು ಹಾಕಿಟ್ಟಿದ್ದಾನೆ. ಆ ಬಾಯಿ ನೋಡಿ ನೋಡಿ ನನಗೆ ಸಾಕಾಗಿದೆ. ಕುಸುಮಳದ್ದು ಹಾಗಾಗಬಾರದು ಎಂದು ಹಟ ಹಿಡಿದೆ.

ಹಟ ಹಿಡಿದು, ಎರಡನೇ ಸಲ ಬಟನ್ ಒತ್ತುವುದನ್ನೇ ಮರೆತೆ.

ಅವತ್ತು ಶನಿವಾರ. ಶ್ರೀಧರನಿಗೆ ಹೇಳಲು ಧೈರ್ಯ ಬರಲಿಲ್ಲ. ಕುಸುಮಳೇ ಬಿಸಿನೀರು ಹೀರುತ್ತಾ ಗೊಗ್ಗರು ದನಿಯಲ್ಲಿ ಅಂದಳು: “ಪರವಾಗಿಲ್ಲ ಅಕ್ಕ. ಅದು ರಿಹರ್ಸಲ್ ಅಂದ್ಕೊಳ್ಳಿ.”

ಪರವಾಗಿಲ್ಲ. ಈ ಪದವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಭಾನುವಾರ ಬೆಳಿಗ್ಗೆ ಅವಳು ಎದ್ದಾಗ ಧ್ವನಿ ಇನ್ನೂ ಕೆಳಗಿಳಿದಿತ್ತು. ಪೇಪರ್ ಹರಿದ ಹಾಗೆ. ಇವತ್ತು ಪೂರ್ತಿ ರೆಸ್ಟ್, ಸನ್ನೆಯಲ್ಲೇ ಮಾತು ಎಂದು ಆರ್ಡರ್ ಮಾಡಿ, ನಾನು ಮನೆ ತುಂಬಾ ಹೆಡ್‌ಫೋನ್ ಹಾಕಿಕೊಂಡು ಓಡಾಡಿದೆ. ಮೈಕ್ ಕೈಯಲ್ಲಿ ಹಿಡಿದು, ಮೌನ ಎಲ್ಲಿದೆ ಎಂದು ಹುಡುಕುತ್ತಾ.

ನೀವೂ ಒಮ್ಮೆ ಹೀಗೆ ಓಡಾಡಿ ನೋಡಿ. ನಮ್ಮ ಕಿವಿ ಬಹಳ ಮರ್ಯಾದಸ್ಥ ಕಿವಿ. ಬೇಡದ್ದನ್ನು ಬಿಟ್ಟು ಬೇಕಾದ್ದನ್ನಷ್ಟೇ ಕೇಳುತ್ತದೆ. ಮೈಕಿಗೆ ಆ ಸಂಸ್ಕಾರವಿಲ್ಲ. ಫ್ರಿಜ್ ಇಷ್ಟು ಜೋರಾಗಿ ಗೊರಕೆ ಹೊಡೆಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಫ್ಯಾನು, ಗೋಡೆ ಗಡಿಯಾರ, ಯುಪಿಎಸ್. ಹೊರಗೆ ಗ್ರಾನೈಟ್ ಕುಯ್ಯುವ ಮಿಷನ್. ತರಕಾರಿ ಗಾಡಿಯವನು ತನ್ನ ಧ್ವನಿಯನ್ನು ರೆಕಾರ್ಡ್ ಮಾಡಿ ಲೌಡ್‌ಸ್ಪೀಕರ್‌ಗೆ ಹಾಕಿ, ತಾನು ಆರಾಮವಾಗಿ ಬೀಡಿ ಸೇದುತ್ತಾ ಬರುತ್ತಾನೆ: ಈರುಳ್ಳಿ, ಟೊಮೇಟೊ, ಈರುಳ್ಳಿ, ಟೊಮೇಟೊ. (ನೋಡಿ, ಅವನು ಎರಡನೇ ಸಲ ಬಟನ್ ಒತ್ತಿದ್ದಾನೆ.)

ಗೊಟ್ಟಿಗೆರೆಯ ಫ್ಲ್ಯಾಟಿನಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ. ಅಲ್ಲಾದರೂ ಸೈಲೆನ್ಸ್ ಸಿಗಬಹುದೇ ಎಂದು ಫೋನ್ ಮಾಡಿದೆ. ಅವಳು ಏನೋ ಹೇಳಿದಳು. ಪಕ್ಕದಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದರಂತೆ. ‘ಅಂತೆ’ ಎಂದದ್ದು ಯಾಕೆಂದರೆ, ಅವಳು ಆಮೇಲೆ ಮೆಸೇಜ್ ಮಾಡಿದ್ದರಿಂದ ಗೊತ್ತಾಯಿತು.

ಮೌನ ಸಿಕ್ಕಿದ್ದು ಕೊನೆಗೆ ಕುಸುಮಳ ಬೀರು ಹಿಂದೆ. ಅವಳ ಬೆಡ್‌ರೂಮಿಗೂ ಬಾತ್‌ರೂಮಿಗೂ ನಡುವೆ ಇಬ್ಬರು ನಿಲ್ಲುವಷ್ಟು ಜಾಗ. ಒಂದು ಕಡೆ ಸೀರೆಗಳ ವಾರ್ಡ್‌ರೋಬ್. ಅದರ ಬಾಗಿಲು ತೆರೆದಿಟ್ಟು, ಎದುರಿಗೆ ಎರಡು ರಜಾಯಿ ನೇತುಹಾಕಿದೆ. ರೇಷ್ಮೆ ಸೀರೆ, ಕಾಟನ್ ಸೀರೆ, ನುಸಿ ಗುಳಿಗೆ ವಾಸನೆ. ಹೆಡ್‌ಫೋನಿನಲ್ಲಿ ಲೋಕವೇ ಸುಮ್ಮನಾಯಿತು. ಬಟ್ಟೆ ಸದ್ದನ್ನು ಕುಡಿಯುತ್ತದೆ. ಇಷ್ಟು ವರ್ಷ ಆ ಸೀರೆಗಳು ದಂಡಕ್ಕೆ ನೇತಾಡುತ್ತಿವೆ ಎಂದು ಶ್ರೀಧರ ಗೊಣಗುತ್ತಿದ್ದ. ಈಗ ಬಾಯಿ ಮುಚ್ಚಿದ.

ಸೋಮವಾರ, ಗ್ರಾನೈಟ್ ಮಿಷನ್‌ನವರು ಊಟಕ್ಕೆ ಹೋದ ಹೊತ್ತು ನೋಡಿ ಶುರು ಮಾಡಿದೆವು. ಫ್ಯಾನ್ ಆಫ್. ಫ್ರಿಜ್ ಆಫ್. ಫ್ರಿಜ್ ಮತ್ತೆ ಆನ್ ಮಾಡುವುದು ಮರೆಯಬಾರದೆಂದು ಶ್ರೀಧರನ ಸ್ಕೂಟರ್ ಕೀಯನ್ನು ಅದರೊಳಗೇ, ಮೊಸರಿನ ಪಕ್ಕ ಇಟ್ಟೆ. (ಬನಶಂಕರಿಯಲ್ಲಿ ಕೇಳಿ ಕಲಿತ ಉಪಾಯ. ಅವನಿಗೆ ಹೇಳಲು ಮಾತ್ರ ಮರೆತೆ.) ಕೆಂಪು ಬಟನ್ ಒಮ್ಮೆ ಒತ್ತಿದೆ. ಇನ್ನೊಮ್ಮೆ ಒತ್ತಿದೆ. ದೀಪ ನೆಟ್ಟಗೆ ಉರಿಯಿತು. ಸೆಕೆಂಡು ಓಡಿತು. ನನ್ನ ಎದೆಯೂ.

“ಬನ್ನಿ, ಕೂತ್ಕೊಳ್ಳಿ,” ಅಂದಳು ಕುಸುಮ.

ಝಣ್!

ಬಳೆ. ಅವಳು ‘ಬನ್ನಿ’ ಅನ್ನುವಾಗ ಕೈ ತಾನಾಗಿ ಮುಂದೆ ಬರುತ್ತದೆ. ಹಸಿರು ಗಾಜಿನ ಬಳೆಗಳು ಹೆಡ್‌ಫೋನಿನಲ್ಲಿ ಪಾತ್ರೆ ಅಂಗಡಿ ಬಿದ್ದ ಹಾಗೆ ಕೇಳಿಸಿದವು.

“ಬಳೆ ತೆಗೆದಿಡೇ,” ಅಂದುಬಿಟ್ಟೆ.

ಅವಳ ಮುಖ ಬಿಳಿಚಿಕೊಂಡಿತು. ಆಪರೇಷನ್ನಿಗೆ ಹೊರಟಿರುವ ಮುತ್ತೈದೆಗೆ, ಗಂಡ ಸತ್ತವಳೊಬ್ಬಳು ಬಳೆ ತೆಗಿ ಎಂದರೆ? ನಾನು ಕಾನ್ವೆಂಟಿನಲ್ಲಿ ಓದಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೆ ಆ ಇಕ್ಕಟ್ಟು ಜಾಗದಲ್ಲಿ, ಆ ಬೆವರಿನಲ್ಲಿ, ನನಗೂ ಬೆನ್ನಲ್ಲಿ ಚಳಿ ಹುಟ್ಟಿತು. ಕೊನೆಗೆ ಬಳೆಗಳನ್ನು ಮೊಣಕೈ ಕಡೆಗೆ ತಳ್ಳಿ, ಮೇಲೆ ಶ್ರೀಧರನ ಕರ್ಚೀಫು ಬಿಗಿದೆವು. ಅಲ್ಲಿಗೆ ಬಳೆಯೂ ಉಳಿಯಿತು, ಸೌಂಡೂ ಉಳಿಯಿತು.

ಆದರೆ ಕುಸುಮ ಉಳಿಯಲಿಲ್ಲ. ಕೆಂಪು ದೀಪ ಕಂಡದ್ದೇ ಅವಳ ಒಳಗೆ ಯಾರೋ ಬಂದು ಕೂತರು. ‘ಊ-ಟ ಆ-ಯ್-ತಾ?’ ಅಕ್ಷರಕ್ಕಕ್ಷರ ಬಿಡಿಸಿ, ಮೆಟ್ರೊದಲ್ಲಿ ಮುಂದಿನ ನಿಲ್ದಾಣ ಹೇಳುವವಳ ಹಾಗೆ. ತಪ್ಪು ನನ್ನದೇ. ಕ್ಲಿಯರ್ರಾಗಿ, ಇನ್ನೂ ಸ್ವಲ್ಪ ಕ್ಲಿಯರ್ರಾಗಿ ಎಂದು ಹಿಂಡಿದವಳು ನಾನು. ‘ಕಾಫಿ ತಗೊಳ್ಳಿ’ಯನ್ನು ಮತ್ತೆ ಮತ್ತೆ ಹೇಳಿಸಿದೆ. ಒಂದರಲ್ಲಿ ನಾಯಿ ಬೊಗಳಿತು, ಒಂದರಲ್ಲಿ ಅವಳು ಉಗುಳು ನುಂಗಿದ್ದು ಕೇಳಿಸಿತು. ಅದಾದ ಮೇಲಿನದರಲ್ಲಿ ‘ಕಾಫಿ’ ಬಂತು. ‘ತಗೊಳ್ಳಿ’ ಬರಲೇ ಇಲ್ಲ. ಗಂಟಲಲ್ಲಿ ಗಾಳಿ ಮಾತ್ರ.

ರಜಾಯಿ ಸರಿಸಿ ಶ್ರೀಧರ ತಲೆ ಹಾಕಿದ. “ಅತ್ತಿಗೆ! ಏನ್ ಕಾಂಪಿಟಿಷನ್ ಮಾಡಿಸ್ತಿದೀರಾ? ಪ್ರೈಜ್ ಕೊಡ್ತೀರಾ? ಅವಳ ಗಂಟಲು ನೋಡಿ!”

ನಾನು ತಲೆ ತಗ್ಗಿಸಿದೆ. ಮಿಷನ್ನಿನಲ್ಲಿ ಜಾಗ ಬೇಕಾದಷ್ಟಿತ್ತು. ಜಾಗವಿಲ್ಲದ್ದು ಅವಳ ಗಂಟಲಲ್ಲಿ. ಒಂದೊಂದು ರೀಟೇಕೂ ಅಲ್ಲಿಂದಲೇ ಖರ್ಚಾಗುತ್ತಿತ್ತು. ನಾನು ಎಲ್ಲ ಸದ್ದನ್ನೂ ಕೇಳಿಸಿಕೊಳ್ಳುತ್ತಿದ್ದೆ, ಅದೊಂದನ್ನು ಬಿಟ್ಟು.

ಶ್ರೀಧರ ಹೋಗಲಿಲ್ಲ. ಅಲ್ಲೇ ನಿಂತ. ಆಮೇಲೆ ಗೋಡೆ ನೋಡುತ್ತಾ ಹೇಳಿದ:

“ಆ ‘ರೀ’ ಅಂತಾಳಲ್ಲ... ಅದೊಂದು ತಗೊಂಡ್ಬಿಡಿ.”

ಕುಸುಮ ಪಕ್ಕನೆ ನಕ್ಕಳು. “ಯಾವ ‘ರೀ’?”

ಪ್ರಶ್ನೆ ಸರಿಯೇ. ಕಾಫಿ ಆಯ್ತು ಅನ್ನುವ ‘ರೀ’ ಬೇರೆ. ಬಾತ್‌ರೂಮ್ ಲೈಟ್ ಮತ್ತೆ ಆರಿಸಿಲ್ಲ ಅನ್ನುವ ‘ರೀ’ ಬೇರೆ. ಹಲ್ಲಿ ಬಿತ್ತು ಅನ್ನುವ ‘ರೀ’ಯಂತೂ ರಸ್ತೆಗೇ ಕೇಳಿಸುತ್ತದೆ. ಅವನು ತಡವರಿಸಿದ. “ಯಾವುದಾದ್ರೂ ಸರಿ ಕಣೇ.”

“ರೀ,” ಅಂದಳು. ಅವನನ್ನು ನೋಡಿಕೊಂಡೇ ಅಂದಳು, ಮೈಕನ್ನಲ್ಲ. ಮೆಟ್ರೊದವಳು ಎದ್ದು ಹೋಗಿದ್ದಳು. ಇದು ನಮ್ಮ ಕುಸುಮ.

“ರೀ, ನನ್ ಸ್ಕೂಟರ್ ಕೀ ನೋಡಿದ್ರಾ ಅಂತ ಕೇಳ್ತಿದ್ರಲ್ಲ, ಫ್ರಿಜ್ಜಲ್ಲಿದೆ.”

ಅದೂ ರೆಕಾರ್ಡ್ ಆಯಿತು. ಆಮೇಲಿನದೆಲ್ಲ ಸಲೀಸು. ಮೈಕನ್ನು ಪಕ್ಕಕ್ಕೆ, ಅವಳ ಕಣ್ಣಿಗೆ ಬೀಳದ ಹಾಗೆ ಇಟ್ಟೆ. ಯಾರಿಗೆ ಹೇಳಬೇಕೋ ಅವರ ಮುಖ ನೋಡಿ ಹೇಳು ಎಂದೆ. ಒಂದೇ ಟೇಕ್. ಸಾಕು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಕಾಲರ್ ಎತ್ತಿಕೊಂಡು ತಿರುಗಬಹುದಿತ್ತು.

ಮಂಗಳವಾರ ಸಂಜೆ. ಮಾತುಗಳನ್ನೆಲ್ಲ ಟ್ಯಾಬ್‌ಗೆ ಹಾಕಿಸಿಕೊಂಡು ಬಂದಿದ್ದೆವು. ಒಂದೊಂದಕ್ಕೂ ಒಂದೊಂದು ಬಣ್ಣದ ಬಟನ್. ಮಾರನೇ ದಿನ ಅಡ್ಮಿಟ್. ನಾನು ಮೇಡಂ ಮೇಡಂ ಅನ್ನಿಸಿಕೊಳ್ಳುವ ಉತ್ಸಾಹದಲ್ಲಿ, ಒಂದು ಡ್ರೈ ರನ್ ಮಾಡೋಣ ಎಂದೆ. ನಾನೇ ನರ್ಸ್, ನಾನೇ ಡಾಕ್ಟರ್. ಕುಸುಮ ಬಾಯಿ ತೆರೆಯುವ ಹಾಗಿಲ್ಲ. ಬಟನ್ ಮಾತ್ರ.

“ಕುಸುಮ ಅವರೇ, ನೋವಿದೆಯಾ?”

ಅವಳು ಬಟನ್‌ಗಳ ಮೇಲೆ ಬೆರಳಾಡಿಸಿದಳು. ಹುಡುಕಿದಳು. ಒತ್ತಿದಳು. ‘ಪರವಾಗಿಲ್ಲ.’

“ಎಸಿ ಜಾಸ್ತಿ ಮಾಡ್ಲಾ?” (ಅವಳಿಗೆ ಎಸಿ ಕಂಡರಾಗುವುದಿಲ್ಲ.) ಬೆರಳು ಆ ಕಡೆ ಈ ಕಡೆ ಹೋಯಿತು. ‘ನಿಮ್ಮಿಷ್ಟ.’

ನನಗೆ ಏನೋ ಚುಚ್ಚಿತು. ಧ್ವನಿ ಬದಲಿಸಿ, ವಿಲ್ಸನ್ ಗಾರ್ಡನ್ ಅತ್ತೆಯ ಥರ ಮೂಗಿನಲ್ಲಿ ಕೇಳಿದೆ. ಶ್ರೀಧರನ ಸೋದರತ್ತೆ ಅವರು. ನೆಗಡಿಯಿಂದ ಹಿಡಿದು ನಾಮಕರಣದವರೆಗೆ ಎಲ್ಲಕ್ಕೂ ಅವರ ಹತ್ತಿರ ಒಂದೇ ಪರಿಹಾರ, ಕಷಾಯ. ಎದುರಾಡಿದವರನ್ನು ನಾನು ನೋಡಿಲ್ಲ.

“ಏನೇ ಕುಸುಮಾ, ಒಂದ್ ಲೋಟ ಕಷಾಯ ಕುಡೀತೀಯೇನೇ?”

ಬೆರಳು ಬಟನ್‌ಗಳನ್ನೆಲ್ಲ ಒಂದು ಸುತ್ತು ಹಾಕಿ ಬಂತು. ‘ಆಗಲಿ.’

ಶ್ರೀಧರ ಟ್ಯಾಬ್ ಕಸಿದುಕೊಂಡ. ಒಂದೊಂದೇ ಬಟನ್ ಒತ್ತಿದ. ಬನ್ನಿ. ಕೂತ್ಕೊಳ್ಳಿ. ಊಟ ಆಯ್ತಾ. ಕಾಫಿ ತಗೊಳ್ಳಿ. ಮಾತ್ರೆ ತಗೊಂಡ್ರಾ. ಹುಷಾರಾಗಿ ಹೋಗ್ಬನ್ನಿ. ಪರವಾಗಿಲ್ಲ. ನಿಮ್ಮಿಷ್ಟ. ಆಗಲಿ. ನನಗೇನೂ ತೊಂದರೆಯಿಲ್ಲ. ಹಾಲ್ ತುಂಬಾ ಆ ಧ್ವನಿ ಒಂದಾದ ಮೇಲೊಂದು ಉಪಚಾರ ಮಾಡುತ್ತಾ ಹೋಯಿತು.

“ಕುಸುಮಾ,” ಅಂದ. “ಬೇಡ ಅಂತ ಒಂದೂ ಇಲ್ವಲ್ಲೇ. ನೋವಾಗ್ತಿದೆ ಅಂತ ಇಲ್ಲ. ನೀರು ಬೇಕು ಅಂತಾನೂ ಇಲ್ಲ. ಇದರಲ್ಲಿ ನೀನೆಲ್ಲಿದೀಯಾ?”

ಅವಳು ಪಿಸುಗುಟ್ಟಿದಳು. “ಒಳ್ಳೇ ಕೆಲ್ಸಕ್ಕೆ ಹೊರಟಿರೋವಾಗ ಇಲ್ಲ, ಬೇಡ, ನೋವು ಅಂತೆಲ್ಲ ಹೇಳಿ ಮಿಷನ್ನಲ್ಲಿಟ್ಟು ಹೋಗ್ಲಾ? ಬಿಡ್ತು ಅನ್ನಿ.”

ನಗಬೇಡಿ. ನಿಮ್ಮ ಮನೆಯಲ್ಲೂ ಇದೆ. ಅಕ್ಕಿ ಮುಗಿದರೆ ನಾವು ಇಲ್ಲ ಅನ್ನುವುದಿಲ್ಲ, ತುಂಬಬೇಕು ಅನ್ನುತ್ತೇವೆ. ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತೇವೆ. ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತೇವೆ. ಚೆಂದದ ಪದ್ಧತಿ. ನನಗೂ ಇಷ್ಟವೇ. ಆದರೆ ಇನ್ನು ಮುಂದೆ ಬಟನ್‌ಗಳಲ್ಲೇ ಬದುಕಬೇಕಾದ ಹೆಂಗಸಿನ ಬಾಯಲ್ಲಿ ಒಂದೇ ಒಂದು ‘ಬೇಡ’ ಇಲ್ಲದಿದ್ದರೆ?

ಮತ್ತೆ, ಅಷ್ಟು ದಿನ ಹೆಡ್‌ಫೋನ್ ಹಾಕಿಕೊಂಡು ಅವಳ ಉಗುಳು ನುಂಗಿದ ಸದ್ದನ್ನೂ ಹಿಡಿದ ನನಗೆ, ಇಲ್ಲದ ಮಾತು ಕೇಳಿಸಲಿಲ್ಲವಲ್ಲ?

ಆಗ ರೆಕಾರ್ಡ್ ಮಾಡುವ ಹಾಗಿರಲಿಲ್ಲ. ಅವಳಿಗೆ ಪಿಸುಮಾತಿನ ಮೇಲೆ ಏನೂ ಏಳುತ್ತಿರಲಿಲ್ಲ. ಬೆಳಿಗ್ಗೆ ಬಿಸಿನೀರು ಕುಡಿದ ಮೇಲೆ ಸ್ವಲ್ಪ ಹೊತ್ತು ಧ್ವನಿ ತೆರೆಯುತ್ತಿತ್ತು, ಅಷ್ಟೇ. ಬುಧವಾರ ರಾಹುಕಾಲಕ್ಕೆ ಮುಂಚೆ ಮನೆ ಬಿಡಬೇಕು ಅಂತ ಬೇರೆ.

ಬುಧವಾರ ನಾನು ಮಹಡಿ ಹತ್ತಿದಾಗ ಅವಳು ಬೀರು ಹಿಂದೆ ಇರಲಿಲ್ಲ. ಅಡುಗೆಮನೆಯಲ್ಲಿದ್ದಳು. ಆಸ್ಪತ್ರೆಗೆ ಹೊರಟವಳು, ಗಂಡನಿಗೆಂದು ಕುಕ್ಕರಿಗೆ ಬೇಳೆ ಇಟ್ಟಿದ್ದಳು! ಆ ಕಡೆ ಗ್ರಾನೈಟ್ ಮಿಷನ್ ಇನ್ನೂ ಶುರುವಾಗಿರಲಿಲ್ಲ. ಬಾ ಒಳಗೆ, ರಜಾಯಿ ಹತ್ತಿರ ಎಂದೆ. ಅವಳು ಸೌಟು ತೋರಿಸಿದಳು. ವಾದ ಮಾಡಿ ಅವಳ ಗಂಟಲು ಖರ್ಚು ಮಾಡಿಸುವ ಹಾಗಿರಲಿಲ್ಲ. ಅಲ್ಲೇ, ಮಸಾಲೆ ಡಬ್ಬಿಗಳ ನಡುವೆ ರೆಕಾರ್ಡರ್ ಇಟ್ಟೆ. ಒಮ್ಮೆ ಒತ್ತಿದೆ. ಇನ್ನೊಮ್ಮೆ ಒತ್ತಿದೆ.

“ಹೇಳು. ಬೇಡ.”

“ಬೇಡಾ...” ಅಂದಳು. ಮೆತ್ತಗೆ, ನಾಚಿಕೊಂಡು, ಕೊನೆಗೆ ರಾಗ ಎಳೆದು.

“ಇದು ಪಂಕ್ತೀಲಿ ಎಲೆ ಮೇಲೆ ಕೈ ಅಡ್ಡ ಇಟ್ಟು ಹೇಳೋ ಬೇಡ ಕಣೇ. ಇದಕ್ಕೆ ಇನ್ನೊಂದ್ ಹೋಳಿಗೆ ಬಡಿಸಿ ಹೋಗ್ತಾರೆ.”

“ಬೇಡ.” ಈ ಸಲ ಕ್ಷಮೆ ಕೇಳುವ ಹಾಗಿತ್ತು.

ಇನ್ನೆಷ್ಟು ಉಳಿದಿದೆ ಆ ಗಂಟಲಲ್ಲಿ? ಶ್ರೀಧರ ಬಾಗಿಲಲ್ಲಿ ಬ್ಯಾಗ್ ಹಿಡಿದು ನಿಂತಿದ್ದ. ಗಡಿಯಾರ ನೋಡಲಿಲ್ಲ. ನಾನು ಸಿಸ್ಟರ್ ಕಲಿಸಿದ್ದನ್ನೆಲ್ಲ ನೆನಪಿಸಿಕೊಂಡೆ. ಉಸಿರು ಹೊಟ್ಟೆಯಿಂದ ತಗೊ, ಭುಜ ಇಳಿಸು... ಯಾವುದೂ ಇಲ್ಲಿ ಕೆಲಸಕ್ಕೆ ಬರುವಂಥದ್ದಲ್ಲ. ಆ ಪದ ಅವಳಿಗೆ ಬಾಯಲ್ಲಿ ಬರಬೇಕಾಗಿರಲಿಲ್ಲ, ಮನಸ್ಸಿನಲ್ಲಿ ಬರಬೇಕಾಗಿತ್ತು.

ಸೌಟು ತೆಗೆದುಕೊಂಡು ಮಸಾಲೆ ಡಬ್ಬಿಗಳ ಕಡೆ ತಿರುಗಿದೆ.

“ಆಯ್ತು, ಹೋಗ್ಲಿ ಬಿಡು. ನೀನು ಆಸ್ಪತ್ರೇಲಿರೋವಾಗ ಈ ಅಡುಗೆಮನೆ ನಾನು ಫುಲ್ ರೀಅರೇಂಜ್ ಮಾಡಿಸ್ತೀನಿ. ಈ ಹಳೇ ಡಬ್ಬಿಗಳೆಲ್ಲ ಗುಜರಿಗೆ. ಆ ಒರಳು...”

“ಬೇಡ!”

ಸೌಟು ನನ್ನ ಕೈಯಿಂದ ಬಿತ್ತು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ಆ ಧ್ವನಿಯನ್ನು ನಾನು ಕೇಳಿರಲಿಲ್ಲ. ಗಟ್ಟಿ, ನೇರ, ತುದಿಯಲ್ಲಿ ರಾಗವಿಲ್ಲ. ಅವಳೂ ಬೆಚ್ಚಿದಳು. ಅದೇ ಕ್ಷಣಕ್ಕೆ ಕಾದಿದ್ದ ಹಾಗೆ ಹಿಂದಿನಿಂದ ಕುಕ್ಕರ್ ಉದ್ದಕ್ಕೆ ಕೂಗಿತು.

ಹಾಳಾಯಿತು. ಟೇಕ್ ಹಾಳಾಯಿತು. “ಇನ್ನೊಂದ್ಸಲ, ಪ್ಲೀಸ್, ಹಾಗೇ,” ಎಂದೆ. ಅವಳು ಬಾಯಿ ತೆರೆದಳು. ಗಾಳಿ. ಮತ್ತೆ ತೆರೆದಳು. ಗಾಳಿ ಮಾತ್ರ.

ನಾನು ಸ್ಟಾಪ್ ಒತ್ತಿ, ಹೆಡ್‌ಫೋನಿನಲ್ಲಿ ಕೇಳಿದೆ. ‘ಬೇಡ’ ಸ್ಪಷ್ಟವಾಗಿತ್ತು. ಅದರ ಬಾಲಕ್ಕೆ ಕುಕ್ಕರ್ ಅಂಟಿಕೊಂಡಿತ್ತು. ಕತ್ತರಿಸಿದರೆ ‘ಡ’ ಹೋಗುತ್ತದೆ. ಹೆಡ್‌ಫೋನನ್ನು ಅವಳ ಕಿವಿಗೆ ಇಟ್ಟೆ. ಅವಳು ಕೇಳಿದಳು. ತನ್ನದೇ ‘ಬೇಡ’ವನ್ನು ಅವಳೂ ಬಹುಶಃ ಮೊದಲ ಸಲ ಕೇಳಿದ್ದು. ನನ್ನ ಮುಖ ನೋಡಿ, ಬೆರಳು ತುಟಿಯ ಮೇಲಿಟ್ಟು, ತಲೆಯಾಡಿಸಿದಳು. ಇರಲಿ, ಹಾಗೇ ಇರಲಿ.

‘ನೋವಾಗ್ತಿದೆ’ಯನ್ನು ಪಿಸುಮಾತಿನಲ್ಲೇ ಹೇಳಿದಳು. ಮೈಕನ್ನು ಅವಳ ತುಟಿಯ ಹತ್ತಿರ ಹಿಡಿದೆ. ರೀಟೇಕ್ ಕೇಳಲಿಲ್ಲ. ಶ್ರೀಧರ ಹೋಗಿ ಸ್ಟವ್ ಆಫ್ ಮಾಡಿದ. ಆಸ್ಪತ್ರೆಗೆ ಹೋದ ಮೇಲೆ ಎರಡಕ್ಕೂ ಟ್ಯಾಬ್‌ನಲ್ಲಿ ಬಟನ್ ಹಾಕಿಸಿದೆವು.

ಗುರುವಾರದ ಬಗ್ಗೆ ನಾನು ಬರೆಯುವುದಿಲ್ಲ. ಆಪರೇಷನ್ ಥಿಯೇಟರ್ ಹೊರಗಿನ ಕುರ್ಚಿಗಳಲ್ಲಿ ಕೂತವರಿಗೆ ಅದು ಗೊತ್ತು. ಆಪರೇಷನ್ ಚೆನ್ನಾಗಿ ಆಯಿತು, ಅಷ್ಟು ಸಾಕು.

ಕೆಲವು ದಿನ ಕಳೆದು ಅವಳನ್ನು ವಾರ್ಡಿಗೆ ತಂದರು. ಕತ್ತಿಗೆ ಬ್ಯಾಂಡೇಜ್, ಮೂಗಿನಲ್ಲಿ ನಳಿಗೆ. ಊಟ, ನೀರು, ಮಾತ್ರೆ ಎಲ್ಲ ಅದರಲ್ಲೇ. ಬಾಯಿಗೆ ಒಂದು ತೊಟ್ಟೂ ಹಾಕಬಾರದು, ಒಳಗಿನ ಹೊಲಿಗೆ ಇನ್ನೂ ಹಸಿ ಎಂದು ಡಾಕ್ಟರ್ ಸ್ಟ್ರಿಕ್ಟಾಗಿ ಹೇಳಿದ್ದರು. ಶ್ರೀಧರ ಔಷಧಿ ತರಲು ಕೆಳಗೆ ಹೋಗಿದ್ದ. ಅವಳಿಗೆ ನಿದ್ದೆ ಹತ್ತಿದೆ ಎಂದುಕೊಂಡು ನಾನು ಕಾರಿಡಾರಿನಲ್ಲಿ ಒಂದು ಕಾಫಿ ಹಿಡಿದು ನಿಂತೆ.

ನನ್ನನ್ನು ದಾಟಿಕೊಂಡೇ ವಿಲ್ಸನ್ ಗಾರ್ಡನ್ ಅತ್ತೆ ಒಳಗೆ ಹೋಗಿದ್ದರು. ನಾನು ನೋಡಲಿಲ್ಲ. ಕೇಳಿಸಿದ್ದು ಅವರ ಮೂಗಿನ ಧ್ವನಿ.

“ಈ ಡಾಕ್ಟರ್‌ಗಳು ಏನ್ ಬೇಕಾದ್ರೂ ಹೇಳ್ತಾರೆ. ಮನೇಲೇ ಕುದಿಸಿ, ಸೋಸಿ ತಂದಿದೀನಿ. ಒಂದೇ ಒಂದ್ ಚಮಚ ಕಣೇ. ಗಂಟಲು ತಂಪಾಗುತ್ತೆ. ನಾನು ತಂದಿದ್ದನ್ನ ನೀನ್ ಯಾವತ್ತಾದ್ರೂ ಬೇಡ ಅಂದಿದೀಯಾ? ಆ... ಬಾಯಿ ತೆಗಿ.”

ಕಾಫಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ನನ್ನ ಮಂಡಿಗೆ ಓಡುವ ಅಭ್ಯಾಸ ತಪ್ಪಿ ಯಾವ ಕಾಲವಾಯಿತು! ಕೂಗೋಣವೆಂದರೆ ನನ್ನ ಗಂಟಲೇ, ಡಯಾಫ್ರಮ್ಮಿನಿಂದ ಹೊರಡಬೇಕಾದ ನನ್ನ ಕಾನ್ವೆಂಟ್ ಗಂಟಲೇ, ಕಟ್ಟಿಕೊಂಡಿತು. ಆಗ ಕೇಳಿಸಿತು.

“ಬೇಡ!”

ಅದರ ಹಿಂದೆಯೇ ಇಡೀ ವಾರ್ಡ್ ತುಂಬಿ ಕುಕ್ಕರ್ ಕೂಗಿತು.

ಒಳಗೆ ಹೋದಾಗ ಅತ್ತೆಯ ಚಮಚ ಗಾಳಿಯಲ್ಲೇ ನಿಂತಿತ್ತು. ಕುಸುಮಳ ಬೆರಳು ಬಟನ್ ಮೇಲೇ ಇತ್ತು. ಅವಳು ಇನ್ನೊಂದು ಸಲ ಒತ್ತಿದಳು. ಬೇಡ, ಮತ್ತೆ ಕುಕ್ಕರ್. ಪಕ್ಕದ ಬೆಡ್ಡಿನಾಕೆ ಎದ್ದು ಕೂತರು. ನರ್ಸ್ ಓಡಿ ಬಂದಳು. “ಯಾರ್ರೀ ಅದು, ವಾರ್ಡಲ್ಲಿ ಕುಕ್ಕರ್ ಇಟ್ಟಿರೋದು?”

ಅತ್ತೆಗೆ ಸಿಟ್ಟು ಬಂದಿದೆ. ಆಪರೇಷನ್ ಆದ ಮೇಲೆ ಕುಸುಮ ಬದಲಾಗಿದ್ದಾಳೆ ಎಂದು ನೆಂಟರಿಗೆಲ್ಲ ಫೋನ್ ಮಾಡಿ ಹೇಳುತ್ತಿದ್ದಾರಂತೆ. ಆಪರೇಷನ್ನಿನ ಹಿಂದಿನ ದಿನವೇ ಅದು ರೆಕಾರ್ಡ್ ಆಗಿತ್ತು ಎಂದು ಅವರಿಗೆ ಯಾರು ಹೇಳಬೇಕು?

ಮೊನ್ನೆ ನಾನು ಆ ರೆಕಾರ್ಡರ್ ಒರೆಸಿ ಡಬ್ಬಿಗೆ ಹಾಕುವಾಗ ಬೆರಳು ತಾಗಿ ಕೆಂಪು ದೀಪ ಮಿಣುಕತೊಡಗಿತು. ನಾವು ಮನೆಯವರ ಜೊತೆ ಇರುವುದೂ ಬಹಳ ಮಟ್ಟಿಗೆ ಹೀಗೇ ಅಲ್ಲವೇ? ದೀಪ ಮಿಣುಕುತ್ತಿರುತ್ತದೆ, ತಲೆಯಾಡಿಸುತ್ತಿರುತ್ತೇವೆ, ವೆರಿ ಗುಡ್, ನೆಕ್ಸ್ಟ್. ಒಳಗೆ ಏನೂ ದಾಖಲಾಗುತ್ತಿರುವುದಿಲ್ಲ.

ನಿಮ್ಮ ಮನೆಯಲ್ಲೂ ಯಾವಾಗಲೂ ‘ಪರವಾಗಿಲ್ಲ’ ಅನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಅವರ ‘ಬೇಡ’ ಹೇಗಿರುತ್ತದೆ, ಕೇಳಿದ್ದೀರಾ?